ಇಬ್ಬರಿಗೆ ಸೇರಿ ಒಂದು ಜೊತೆ ಕೈ

ಯಾರಾದರೂ ನನ್ನ ಬಲಗೈ ಮೇಲಿನ ಹೊಲಿಗೆಯ ಗುರುತು ನೋಡಿ 'ಪಾಪ' ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಈ ಸಿಟ್ಟು ನನ್ನ ಸ್ವಂತದ್ದಲ್ಲ. ಮರಾಠಿ ಸೀಮೆಯ ನಿಗಡಿಯಲ್ಲಿನ ನಮ್ಮ ಕಟ್ಟಡದಲ್ಲಿ ಎದುರುಮನೆಯಲ್ಲಿದ್ದ ಅವ್ವ ನನಗೆ ಬಿಟ್ಟುಹೋದದ್ದು. ಅವರು ತೀರಿಕೊಂಡು ಇನ್ನೂ ಬಹಳ ದಿನವಾಗಿಲ್ಲ. ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಕಣ್ಣು ತಾನಾಗಿಯೇ ಅವರ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಕಡೆ ಹೋಗುತ್ತದೆ. ಕುರ್ಚಿ ಅಲ್ಲೇ ಇದೆ. ಅದರ ಮೇಲೆ ಈಗ ಪೇಪರು, ಹಾಲಿನ ಪ್ಯಾಕೆಟ್ಟು ಬಿದ್ದಿರುತ್ತವೆ. ಅವರಿದ್ದಾಗ ಆ ಕುರ್ಚಿಯ ಮೇಲೆ ಏನಾದರೂ ಇಡುವ ಧೈರ್ಯ ಯಾರಿಗಿತ್ತು?

ಕಲಬುರಗಿ ಕಡೆಯವರು. ಮದುವೆಯಾಗಿ ನೇರ ಖಡಕಿಯ ಕ್ವಾರ್ಟರ್ಸಿಗೆ ಬಂದವರು. ಗಂಡ ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಗಂಡ ಹೋದಮೇಲೆ ಮಗ ಸೊಸೆಯ ಜೊತೆ ನಿಗಡಿಗೆ ಬಂದರು. ಎತ್ತರದ ಆಳು, ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಆ ಸೆರಗಿನ ತುದಿ ಯಾವಾಗಲೂ ಎಡಗೈ ಮೇಲೆ ಇಳಿದಿರುತ್ತಿತ್ತು. ಕೂತಾಗ, ನಿಂತಾಗ, ಕೊರಿಯರ್ ಹುಡುಗನನ್ನು ಮರಾಠಿಯಲ್ಲಿ ಗದರುವಾಗ, ಯಾವಾಗಲೂ. ಆ ಕೈ ಸರಿಯಿಲ್ಲ ಅನ್ನುವುದು ಕಟ್ಟಡದವರಿಗೆಲ್ಲ ಗೊತ್ತಿತ್ತು. ಏನಾಗಿದೆ ಅಂತ ಕೇಳುವಷ್ಟು ಗಂಡೆದೆ ಯಾರಿಗೂ ಇರಲಿಲ್ಲ.

ನಾವು ಮಂಡ್ಯದವರು. ಆ ಮನೆಗೆ ಬಂದ ಹೊಸದರಲ್ಲಿ ನಾನು ಅವರನ್ನು 'ಆಂಟಿ' ಅಂದಿದ್ದೆ.

"ಆಂಟಿ ಗೀಂಟಿ ಬ್ಯಾಡ. ಕನ್ನಡದಾಕಿ ಇದ್ದಿ, ಬಾಯಿ ತುಂಬ ಅವ್ವಾ ಅನ್ಲಿಕ್ಕ ಬರಂಗಿಲ್ಲೇನು?"

ಬರುತ್ತಿತ್ತು. ನಮ್ಮೂರಲ್ಲಿ ನಾನು ನನ್ನ ತಾಯಿಯನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅವಳು ಹೋದಮೇಲೆ ಆ ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ. ಅವತ್ತು ಬಂತು. ಆದರೂ ಅವರ ಜೊತೆ ನನಗೆ ಅಂಥ ಬಳಕೆಯೇನೂ ಆಗಲಿಲ್ಲ. ನಾನು ಕಂಪನಿಯ ಕೆಲಸ, ಗಂಡ, ಟ್ರಾಫಿಕ್ಕು ಅಂತ ಓಡುತ್ತಿದ್ದವಳು. ಅವರು ಅನ್ನ ಉಣ್ಣುವ ಜನವನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆಮೇಲೆ ನಾನು ಬಿದ್ದೆ. ಬಿದ್ದದ್ದು ಸೊಸೈಟಿಯ ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ, ಲೇಜಿಮ್ ಅನ್ನುವ ಗೆಜ್ಜೆಕೋಲು ಹಿಡಿದು ಕುಣಿಯುತ್ತಾ. ಮಂಡ್ಯದ ಹೆಂಗಸಿಗೆ ಲೇಜಿಮ್ ಯಾಕೆ ಬೇಕಿತ್ತು ಅಂತ ನನ್ನ ಗಂಡ ಈಗಲೂ ಕೇಳುತ್ತಾನೆ. ಬೇಕಿತ್ತು. ಕೆಳಗಿನ ಮನೆಯಾಕೆ "ತುಮ್ಹಾಲಾ ನಾಹಿ ಜಮಣಾರ್" ಅಂದಿದ್ದಳು. ನಿಮಗೆ ಆಗೋದಿಲ್ಲ ಅಂದವರ ಮುಂದೆ ಮಾಡಿ ತೋರಿಸದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಚೆನ್ನಾಗಿಯೇ ಆಡುತ್ತಿದ್ದೆ ಕೂಡ. ಗೇಟಿನ ಹತ್ತಿರ ಗುಲಾಲಿನ ಪುಡಿ ನೀರು ಸೇರಿ ಕೆಸರಾಗಿತ್ತು. ಕಾಲು ಜಾರಿತು, ಇಡೀ ಮೈ ಭಾರ ಬಲಗೈ ಮೇಲೆ ಬಿತ್ತು. ಡೋಲು ತಾಶೆಯ ಗದ್ದಲದಲ್ಲಿ ನಾನು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ. ಗೇಟಿನ ಪಕ್ಕ ಕೂತಿದ್ದ ಅವ್ವ ಮಾತ್ರ ಎದ್ದು ಬಂದರು.

"ಮಣಿಕಟ್ಟು ಹೋತು ಅಕಿದು. ಮದ್ಲು ಬಳಿ ತಗೀರಿ, ಬಾವು ಬಂದ್ರ ಬರಂಗಿಲ್ಲ."

ಕನ್ನಡದಲ್ಲಿ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ತಾವೇ ಕೂತು, ಒಂದೇ ಕೈಯಲ್ಲಿ, ನನ್ನ ಬಳೆಗಳನ್ನು ಒಂದೊಂದಾಗಿ ಒಡೆದು ತೆಗೆದರು.

ಆಪರೇಷನ್ ಆಯಿತು. ಮೂಳೆಗೆ ಪ್ಲೇಟು, ಮೇಲೆ ಪಟ್ಟಿ, ಕುತ್ತಿಗೆಗೆ ಜೋಳಿಗೆ. ಮನೆಗೆ ಬಂದಮೇಲೆ ನನಗೆ ನಡೆದ ಸೇವೆ ಹೇಳುತ್ತೇನೆ, ಕೇಳಿ. ದೇವರ ಮೂರ್ತಿಗೂ ಅಷ್ಟು ಉಪಚಾರ ನಡೆಯುವುದಿಲ್ಲ. ಕೆಳಗಿನ ಮನೆಯಾಕೆ ಶಿರಾ ತಂದಳು, ಮೇಲಿನ ಮನೆಯಾಕೆ ವರಣ್-ಭಾತ್ ಅಂತ ಬೇಳೆ ಅನ್ನ ತಂದಳು, ಎಲ್ಲರೂ "ಹಾತ್ ಅಜಿಬಾತ್ ಹಲವೂ ನಕಾ" ಅಂದರು. ಕೈ ಒಂಚೂರೂ ಅಲುಗಾಡಿಸಬೇಡಿ. ಮಂಡ್ಯದಿಂದ ನಮ್ಮತ್ತೆ ವಿಡಿಯೋ ಕಾಲಿನಲ್ಲಿ ಅದನ್ನೇ ಹೇಳಿದರು. ನನ್ನ ಗಂಡ ಮನೆಯಿಂದಲೇ ಕೆಲಸ ಮಾಡುವ ಅನುಮತಿ ತಗೊಂಡು, ತುತ್ತು ಕಲಸಿ ಬಾಯಿಗಿಡುತ್ತಿದ್ದ. ತಲೆ ಬಾಚುತ್ತಿದ್ದ. ಅವನು ಹೆಣೆದ ಜಡೆ ಬಾವಿಯ ಹಗ್ಗದ ಹಾಗಿರುತ್ತಿತ್ತು, ಆದರೆ ಮನಸ್ಸು ಚಿನ್ನ.

ಇಷ್ಟೆಲ್ಲದರ ನಡುವೆ ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಒಂದು ಮಾತು ಹೇಳಿ ಕಳಿಸಿದ್ದಳು: ಮಣಿಕಟ್ಟು ಸುಮ್ಮನಿರಲಿ, ಬೆರಳು ಮಾತ್ರ ಮೊದಲ ದಿನದಿಂದಲೇ ಮಡಚಬೇಕು, ಬಿಡಿಸಬೇಕು. ನನ್ನ ಬೆರಳುಗಳು ಪಚ್ಚಬಾಳೆಹಣ್ಣಿನ ಹಾಗೆ ಊದಿದ್ದವು. ಒಂದು ಸಲ ಮಡಚಲು ಹೋಗಿ ಜೀವ ಬಾಯಿಗೆ ಬಂತು. "ನಾಳೆ ಮಾಡಿದ್ರಾಯ್ತು ಬಿಡು" ಅಂದ ಗಂಡ. ನಾಳೆಯೂ ಹಾಗೇ ಅಂದ. ಅಷ್ಟು ಒಳ್ಳೆಯ ಮಾತನ್ನು ಮೀರಲು ನನಗೂ ಮನಸ್ಸಿರಲಿಲ್ಲ.

ಅವ್ವ ನೋಡಲು ಬಂದದ್ದು ಎಲ್ಲರೂ ಬಂದುಹೋದ ಮೇಲೆ. ಕೈಯಲ್ಲಿ ಏನೂ ತಂದಿರಲಿಲ್ಲ. ದಿಂಬಿನ ಮೇಲೆ ಮಲಗಿಸಿದ್ದ ನನ್ನ ಕೈಯನ್ನೂ, ಬಿಚ್ಚಿ ಹರಡಿದ್ದ ನನ್ನ ತಲೆಗೂದಲನ್ನೂ ನೋಡಿದರು.

"ಏಳು. ನಮ್ಮನಿಗಿ ಬಾ. ಬಳ್ಳೊಳ್ಳಿ ಸುಲಿಯೂದದ."

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಶಿರಾ ತಂದುಕೊಡದಿದ್ದರೆ ಹೋಗಲಿ, ಕೈ ಮುರಿದವಳನ್ನು ಬೆಳ್ಳುಳ್ಳಿ ಸುಲಿಯಲು ಕರೆಯುವವರೂ ಉಂಟೇ?

"ಅವ್ವಾ, ನನ್ ಕೈ ಮುರಿದಿದೆ, ನೋಡಿದ್ರಲ್ಲ."

"ಎರಡೂ ಮುರದಾವೇನು? ಒಂದು ಅದ ಅಲ? ನಂದೂ ಒಂದೇ ಅದ. ನಿಂದು ಎಡಗೈ, ನಂದು ಬಲಗೈ. ಇಬ್ಬರದ್ದೂ ಕೂಡಿದ್ರ ಒಂದು ಜೋಡಿ ಆತು. ನಡಿ."

ಸಿಟ್ಟು ನೆತ್ತಿಗೇರಿತ್ತು. ಆದರೂ ಹೋದೆ. ಇಡೀ ದಿನ ಮಲಗಿ ಫ್ಯಾನು ನೋಡುವುದಕ್ಕಿಂತ ಜಗಳವಾಡುವುದು ವಾಸಿ ಅನಿಸಿತ್ತು.

ಮಗ ಸೊಸೆ ಕೆಲಸಕ್ಕೆ ಹೋದಮೇಲೆ ಅವರ ಅಡುಗೆಮನೆ ನಮ್ಮಿಬ್ಬರದ್ದೇ. ನೆಲದ ಮೇಲೆ ಪಕ್ಕದಲ್ಲಿ ಪಕ್ಕ ಕೂರುತ್ತಿದ್ದೆವು. ನಾನು ಎಡಗೈಯಲ್ಲಿ ಬೆಳ್ಳುಳ್ಳಿ ಎಸಳು ಹಿಡಿದರೆ ಅವರು ಬಲಗೈಯಲ್ಲಿ ಸಿಪ್ಪೆ ಕೀಳುತ್ತಿದ್ದರು. ನಾನು ಬದನೆಕಾಯಿ ಒತ್ತಿ ಹಿಡಿದರೆ ಅವರು ಹೆಚ್ಚುತ್ತಿದ್ದರು. ಮೊದಮೊದಲು ಹತ್ತಕ್ಕೆ ಎಂಟು ಸಲ ಜಗಳ. "ಅತ್ಲಾಗ್ಯಾಕ ಎಳೀತಿ? ನನ್ನ ಬಟ್ಟು ಕೊಯ್ದಿದ್ರ?" ಅನ್ನುವರು. "ನೀವು ಹೇಳ್ದೆ ಕೇಳ್ದೆ ಚಾಕು ಬಿಟ್ರೆ ನಾನೇನ್ ಮಾಡ್ಲಿ?" ಅನ್ನುವೆನು. ಎರಡು ತಲೆಗೆ ಒಂದು ಜೊತೆ ಕೈ ಕೊಟ್ಟರೆ ಹೀಗೇ ಆಗುವುದು. ಆಮೇಲಾಮೇಲೆ ಮಾತು ಬೇಕಾಗಲಿಲ್ಲ. ಅವರ ಭುಜ ಅಲುಗಿದರೆ ನನ್ನ ಕೈಗೆ ಗೊತ್ತಾಗುತ್ತಿತ್ತು.

ಜಡೆಯದ್ದು ಇನ್ನೊಂದು ಕಥೆ. ಗಂಡ ಹೆಣೆದ ಹಗ್ಗ ನೋಡಿ ಅವ್ವ ಮರುದಿನವೇ ಮುಖ ಕಿವುಚಿದ್ದರು. ನನ್ನನ್ನು ಮುಂದೆ ಕೂರಿಸಿಕೊಂಡು, "ಒಂದು ಕಾಲು ನೀ ಹಿಡಿ, ಎರಡು ನಾ ಹಿಡೀತೀನಿ" ಅಂದರು. ಕೂದಲ ಮೂರು ಕಾಲುಗಳಲ್ಲಿ ಒಂದನ್ನು ನಾನು ಎಡಗೈ ಹಿಂದಕ್ಕೆ ತಿರುಗಿಸಿ ಹಿಡಿಯುವುದು, ಉಳಿದ ಎರಡನ್ನು ಅವರು ದಾಟಿಸುವುದು. ಜಡೆ ಬರುತ್ತಿತ್ತು, ಆದರೆ ಸೊಟ್ಟ. ಬಲಗಿವಿಯ ಹತ್ತಿರ ಹುಟ್ಟಿ ಎಡಭುಜದ ಮೇಲೆ ಇಳಿಯುತ್ತಿತ್ತು. ಅದನ್ನೇ ಹಾಕಿಕೊಂಡು ಲಿಫ್ಟಿನಲ್ಲಿ ಓಡಾಡುತ್ತಿದ್ದೆ.

"ಅವ್ವಾ, ನಿಮ್ಗೆ ಯಾರು ಜಡೆ ಹಾಕ್ತಾರೆ?" ಅಂತ ಒಂದು ದಿನ ಕೇಳಿದೆ.

"ನನಗೆಲ್ಲೀ ಹೆರಳು? ಕೈ ಹೋದಾಗಿಂದ ಗಂಟೇ." ಬಲಗೈಯಲ್ಲೇ ಕೂದಲು ಸುತ್ತಿ ಗಂಟು ಹಾಕಿ ತೋರಿಸಿದರು. ನಾನೇ ಹಾಕುತ್ತೇನೆ ಎನ್ನಲು ನನ್ನ ಹತ್ತಿರವೂ ಕೈ ಇರಲಿಲ್ಲ.

ರೊಟ್ಟಿಯ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಮನೆಗೆ ರೊಟ್ಟಿ ಅಂಗಡಿಯಿಂದ ಬರುತ್ತಿತ್ತು. ಅವತ್ತಿನದು ಚಪ್ಪಲಿಯ ಅಟ್ಟೆಯ ಹಾಗಿತ್ತು. ಅವ್ವ ಅದನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಎಸರಿಗೆ ನೀರಿಟ್ಟರು.

"ಏನ್ ಮಾಡ್ತಿದ್ದೀರ?"

"ರೊಟ್ಟಿ ಬಡಿಯೂನು."

ಜೋಳದ ಹಿಟ್ಟು ಬಿಸಿನೀರು ಕುಡಿದು ಉಂಡೆಯಾಯಿತು. ಮಣೆಯ ಮೇಲೆ ಹಿಟ್ಟು ಹರಡಿ, ಉಂಡೆ ಇಟ್ಟರು. ಬಡಿಯುವುದು ಬಲಗೈಯ ಕೆಲಸ; ಅಂಚು ಹಿಡಿದು ತಿರುಗಿಸುವುದು ಎಡಗೈಯದ್ದು. ಅವರು ಬಡಿದರು, ನಾನು ತಿರುಗಿಸಿದೆ. ರಾಗಿಮುದ್ದೆ ತಿರುವಿದ ಕೈ ನನ್ನದು. ರೊಟ್ಟಿಯ ಲಯ ಅದಕ್ಕೇನು ಗೊತ್ತು? ಮೊದಲನೆಯದು ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಕಂಬಳಿ. ಎರಡನೆಯದು ಹರಿಯಿತು. "ಅನ್ನ ಉಣ್ಣೂ ಮಂದಿಗಿ ಏನು ಹೇಳಿ ಏನು ಉಪಯೋಗ" ಅಂತ ಬೈಯುತ್ತಲೇ ಬಡಿದರು. ಅದರ ಮುಂದಿನದು ಹೆಂಚಿನ ಮೇಲೆ ಪೂರ್ತಿ ಉಬ್ಬಿತು. ಅವ್ವ ಅದನ್ನು ನೋಡುತ್ತಲೇ ಇದ್ದರು.

"ಈ ಕೈ ಹೋದ ಮ್ಯಾಲ ಇದೇ ಮದಲನೇ ರೊಟ್ಟಿ, ನಂದು," ಅಂದರು. "ನಮ್ಮತ್ತಿ ಬಡೀತಿದ್ದಳು, ಆಮ್ಯಾಲ ನಾದಿನಿ, ಆಮ್ಯಾಲ ಅಂಗಡಿಯವ. ನನ್ನ ಮನಿಯವರಿಗಿ ಮತ್ತ ನನ್ನ ಕೈ ರೊಟ್ಟಿ ಉಣಿಸಲೇ ಇಲ್ಲ."

ಆ ರೊಟ್ಟಿಯನ್ನು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಹಚ್ಚಿಕೊಂಡು ಇಬ್ಬರೂ ತಿಂದೆವು. ಅಂದಿನಿಂದ ಬೆಳಗಿನ ರೊಟ್ಟಿ ನಮ್ಮಿಬ್ಬರ ಪಾಲಿನ ಕೆಲಸವಾಯಿತು. ಸಂಜೆ ಮಗ ಬಂದು ತಿಂದು, "ಅವ್ವಾ, ಅಂಗಡಿ ಬದಲಸಿದಿ ಏನು?" ಅಂತ ಕೇಳಿದನಂತೆ. ಅದನ್ನು ಹೇಳುವಾಗ ಅವರು ನಕ್ಕದ್ದು ಬಾಗಿಲಾಚೆ ನಿಂತರೂ ಕೇಳುತ್ತಿತ್ತು.

ಮುರಿದ ಕೈಯ ಬೆರಳು ಆಡಿಸುತ್ತೀಯಾ ಅಂತ ಅವರು ನಡುನಡುವೆ ಕೇಳುತ್ತಿದ್ದರು. "ಹ್ಞೂಂ ಅವ್ವಾ" ಅನ್ನುತ್ತಿದ್ದೆ. ಆಡಿಸುತ್ತಿರಲಿಲ್ಲ. ಎಡಗೈಯಲ್ಲೇ ಕೆಲಸ ಸಾಗುತ್ತಿತ್ತಲ್ಲ.

ಪಟ್ಟಿ ಬಿಚ್ಚಿದ ಮೇಲಿನ ತಪಾಸಣೆಗೆ ಹೋದಾಗ ಗ್ರಹಚಾರ ಕಾದಿತ್ತು. ಮೂಳೆ ಕೂಡಿತ್ತು. ಡಾಕ್ಟರು "ಮುಷ್ಟಿ ಮಾಡಿ" ಅಂದರು. ಬೆರಳುಗಳು ಅರ್ಧಕ್ಕೆ ಬಂದು ನಿಂತುಬಿಟ್ಟವು. ಇನ್ನೊಮ್ಮೆ ಅಂದರು. ಅಷ್ಟೇ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಈಗಲೂ ದುಡಿಸದಿದ್ದರೆ ಈ ಬೆರಳುಗಳು ಹೀಗೇ ಉಳಿದುಬಿಡುತ್ತವೆ ಅಂತ ಮೆಲ್ಲಗೆ ಹೇಳಿದರು. ರಿಕ್ಷಾದಲ್ಲಿ ಬರುವಾಗ ನನ್ನ ಗಂಡ "ಏನೂ ಆಗಲ್ಲ ಕಣೇ, ನಾನಿದೀನಲ್ಲ" ಅಂದ. ಆ ಮಾತಿಗೆ ನನಗೆ ಇನ್ನಷ್ಟು ಭಯವಾಯಿತು.

ಸೀದಾ ಅವ್ವನ ಅಡುಗೆಮನೆಗೆ ಹೋಗಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ಎದುರು ಕೂತು ಸೆರಗು ಸರಿಸಿ, ಎಡಗೈಯನ್ನು ನನ್ನ ತೊಡೆಯ ಮೇಲಿಟ್ಟರು. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ಆ ಕೈಯನ್ನು ನಾನು ಸರಿಯಾಗಿ ನೋಡಿರಲಿಲ್ಲ. ತೀರ್ಥಕ್ಕೆ ಚಾಚಿದ ಅಂಗೈಯ ಹಾಗೆ ಅರ್ಧ ಬಾಗಿ ಹಾಗೇ ನಿಂತುಹೋದ ಬೆರಳುಗಳು.

"ಮದಿವ್ಯಾಗಿ ವರ್ಷ ಆಗಿದ್ದಿಲ್ಲ," ಅಂದರು. "ಕ್ವಾರ್ಟರ್ಸಿನ ನಳದ ಮುಂದ ಕೊಡ ಹೊತ್ತು ಜಾರಿದೆ. ಎಲುಬು ಕಟ್ಟಾವ ಬಂದು ಬಿದಿರ ಕಡ್ಡಿ ಇಟ್ಟು ಕಟ್ಟಿದ. ನಮ್ಮತ್ತಿ ಅಂದ್ರ ದೇವರಂಥಾಕಿ. 'ನನ್ನ ಸೊಸಿ ಯಾವುದಕ್ಕೂ ಕೈ ಹಚ್ಚಬಾರ್ದು' ಅಂದಳು. ನೀರು ಅಕಿನೇ ತುಂಬಿದಳು, ರೊಟ್ಟಿ ಅಕಿನೇ ಬಡದಳು, ತುತ್ತು ಮಾಡಿ ನನ್ನ ಬಾಯಾಗ ಅಕಿನೇ ಇಟ್ಟಳು. ಕಟ್ಟು ಬಿಚ್ಚಿದ ಮ್ಯಾಲೂ 'ನೋವಾಗ್ತದ, ಬ್ಯಾಡ ಮಗಾ' ಅಂತ ಬೆರಳು ಅಲುಗಾಡಸ್ಲಿಕ್ಕ ಬಿಡಲಿಲ್ಲ. ಎಲುಬು ಕೂಡ್ತು, ಬೆರಳು ಹೋದ್ವು. ಅಕಿಗಿ ಏನಂತ ಬೈಲಿ? ಬೈದ್ರ ನನ್ನ ನಾಲಿಗಿ ಬೀಳ್ತದ. ಪ್ರೀತಿಗೇ ಹೋತು ನೋಡು ನನ್ನ ಕೈ."

ನಾನು ಅಳುವುದನ್ನು ಮರೆತು ಅವರನ್ನೇ ನೋಡಿದೆ.

"ನಿನ್ನ ಗಂಡನೂ ಭಾಳ ಛಲೋ ಮನಶ್ಯಾ ಇದ್ದಾನ," ಅಂದರು. "ಅದಕ್ಕೇ ನನಗ ಅಂಜಿಕಿ."

ಆ ಸಂಜೆಯೇ ಅವನನ್ನು ಕರೆಸಿದರು. "ನೋಡಪಾ, ಇನ್ನ ಮ್ಯಾಲ ಅಕಿಗಿ ತುತ್ತು ಕಲಸಿ ಉಣಿಸಿದಿ ಅಂದ್ರ ನಿನ್ನ ಕೈ ನಾ ಮುರೀತೀನಿ." ಅವನು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಫಿಸಿಯೋಥೆರಪಿ ಹುಡುಗಿಯನ್ನು ಫೋನಿನಲ್ಲಿ ಕೇಳಿದೆವು, ಹಿಟ್ಟು ನಾದಬಹುದೇ ಅಂತ. ಮೆತ್ತಗಿನ ಹಿಟ್ಟು, ಬೆಚ್ಚಗಿದ್ದರೆ ಇನ್ನೂ ಒಳ್ಳೆಯದು ಅಂದಳು. ಮರುದಿನದಿಂದ ಅವ್ವ ಪರಾತ ಅನ್ನುವ ಅಗಲದ ತಟ್ಟೆಯಲ್ಲಿ ಬೆಚ್ಚಗಿನ ಜೋಳದ ಹಿಟ್ಟು ಹಾಕಿ ನನ್ನ ಮುಂದೆ ತಳ್ಳುತ್ತಿದ್ದರು. ಬಲಗೈ ಅದರೊಳಗೆ ಇಳಿಸಿದರೆ ಬೆರಳ ಸಂದುಸಂದಿನಲ್ಲಿ ಬೆಂಕಿ. ದೇವರಾಣೆ, ಆ ದಿನಗಳಲ್ಲಿ ಆ ಮುದುಕಿಯನ್ನು ಬೈದುಕೊಂಡಷ್ಟು ನಾನು ಯಾರನ್ನೂ ಬೈದುಕೊಂಡಿಲ್ಲ.

"ಆಗಲ್ಲ ಅವ್ವಾ, ಅಳು ಬರ್ತಿದೆ."

"ಅಳು. ಯಾರು ಬ್ಯಾಡ ಅಂದ್ರು? ಅಳಕೋತ ನಾದು."

ಅಳುತ್ತಾ ನಾದಿದೆ. ಹಿಟ್ಟಿಗೆ ಉಪ್ಪು ಬೇರೆ ಹಾಕಬೇಕಾಗಿರಲಿಲ್ಲ. ಅವರು ಎದುರು ಕೂತು ಖಡಕಿಯ ಕಥೆ ಹೇಳುವರು, ಸೊಸೆಯ ಚಾಡಿ ಹೇಳುವರು, ನನ್ನ ಕೈ ನಿಂತರೆ ಕಥೆಯನ್ನೂ ನಿಲ್ಲಿಸುವರು. ಕಥೆಯ ಆಸೆಗೆ ಮತ್ತೆ ನಾದುವೆನು. ಹೀಗೆ ದಿನಕ್ಕಿಷ್ಟು, ಅಕ್ಕಿಕಾಳಿನಷ್ಟು, ಬೆರಳುಗಳು ಒಳಗೆ ಬಂದವು. ಅವು ಅಂಗೈ ಮುಟ್ಟಿದ ದಿನ ಹಿಟ್ಟು ಮೆತ್ತಿದ ಮುಷ್ಟಿಯನ್ನು ಹಾಗೇ ಮೇಲೆತ್ತಿ ತೋರಿಸಿದೆ. ಅವ್ವ ನನ್ನ ಮುಷ್ಟಿ ನೋಡಿದರು. ಸೆರಗಿನೊಳಗಿನ ತಮ್ಮ ಕೈಯನ್ನು ಒಂದು ಸಲ ನೋಡಿಕೊಂಡರು.

"ಛಲೋ ಆತು," ಅಂತ ಎದ್ದುಹೋಗಿ ಸಕ್ಕರೆ ಡಬ್ಬಿ ತಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು. ಆಮೇಲೆ ಮಣೆ ಎತ್ತಿ ಗೋಡೆಗೆ ಒರಗಿಸುತ್ತಾ, "ಇನ್ನ ನಿನಗೇನು, ನಿನ್ನ ಕೆಲಸ ನೀ ಮಾಡ್ಕೋತಿ" ಅಂದರು.

ಆಗ ಹೊಳೆಯಿತು. ನನ್ನ ಕೈ ನನಗೆ ಬಂದರೆ ಅವರ ಎಡಗೈ ಹೋಗುತ್ತದೆ! ನಾಳೆಯಿಂದ ಮತ್ತೆ ಅಂಗಡಿಯ ಅಟ್ಟೆ. ಆ ಮಣೆ ಅಲ್ಲೇ ಗೋಡೆಗೆ ಒರಗಿ ಧೂಳು ಹಿಡಿಯುತ್ತದೆ. ನೆರವು ಅಂತ ನಾನು ಮುಂದೆ ಬಂದರೆ ಅವರು ಒಪ್ಪುವ ಜಾತಿಯಲ್ಲ. 'ಪಾಪ' ಅಂದ ಹಾಗಾಗುತ್ತದೆ.

"ಎಲ್ಲಿ ಅವ್ವಾ, ಮುಷ್ಟಿ ಬಂತು ಅಷ್ಟೆ," ಅಂದೆ. "ಕೈಯಲ್ಲಿ ಶಕ್ತಿನೇ ಇಲ್ಲ. ತಿರುಗಿಸಿದ್ರೆ ಪ್ರಾಣ ಹೋಗುತ್ತೆ. ಇನ್ನೂ ಕೆಲವು ದಿನ ನಿಮ್ ಕೈ ಬೇಕು ನಂಗೆ."

ಅವರು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಮಣೆ ಮತ್ತೆ ನೆಲಕ್ಕೆ ಬಂತು.

ಕೆಲವು ದಿನ ಅಂದದ್ದು ಮುಂದಿನ ಗಣಪತಿಯನ್ನೂ ದಾಟಿತು. ಕೆಲಸಕ್ಕೆ ಹೋಗತೊಡಗಿದ ಮೇಲೂ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ತಯಾರಾಗಿ ಎದುರುಮನೆಗೆ ಹೋಗುವುದು, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಲ್ಲಿ ರೊಟ್ಟಿ ತಿರುಗಿಸುವುದು. "ಕೈ ಹೆಂಗದ?" ಅಂತ ಅವರು ದಿನಾ ಕೇಳುವುದು. "ಹಂಗೇ ಇದೆ ಅವ್ವಾ, ನೋವು" ಅಂತ ನಾನು ದಿನಾ ಹೇಳುವುದು. ನನ್ನ ನಟನೆಯ ಮೇಲೆ ನನಗೆ ಬಹಳ ಅಭಿಮಾನವಿತ್ತು. ನಮ್ಮ ರೊಟ್ಟಿಗಳು ಆ ಹೊತ್ತಿಗೆ ಚಂದ್ರನ ಹಾಗೆ ದುಂಡಗಾಗಿದ್ದವು.

ಆಮೇಲೆ ಅವರು ಹಾಸಿಗೆ ಹಿಡಿದರು. ಎದೆಯ ತೊಂದರೆ. ಆಸ್ಪತ್ರೆಗೆ ಹೋಗಿ ಬಂದರು, ಇನ್ನು ಮನೆಯಲ್ಲೇ ಇರಲಿ ಅಂತ ಡಾಕ್ಟರು ಅಂದರಂತೆ. ಮಣೆ ಗೋಡೆಗೆ ಒರಗಿತು. ನಾನು ಬೆಳಿಗ್ಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಮಂಚದ ಪಕ್ಕ ಕೂತು ಸುಮ್ಮನೆ ಏನಾದರೂ ಹರಟಿ ಬರುತ್ತಿದ್ದೆ.

ಒಂದು ಬೆಳಿಗ್ಗೆ ಕಣ್ಣು ಬಿಟ್ಟು ಕೇಳಿದರು. "ಕೈ ಹೆಂಗದ?"

"ಹಂಗೇ ಅವ್ವಾ. ನೋವು."

ಅವರ ತುಟಿಯ ಮೂಲೆಯಲ್ಲಿ ನಗು ಬಂತು. ದನಿ ಸಣ್ಣಗಾಗಿತ್ತು, ಆದರೆ ಗತ್ತು ಹೋಗಿರಲಿಲ್ಲ.

"ಏ ಹುಚ್ಚಿ. ಸುಳ್ಳು ಹೇಳೂಕಿ ಹೆರಳು ಬಿಚ್ಚಿ ಬರಬೇಕಾಗಿತ್ತು."

ನಾನು ಹಿಂದೆ ಕೈ ಹಾಕಿ ನೋಡಿಕೊಂಡೆ. ಬೆನ್ನ ಮೇಲೆ ನೆಟ್ಟಗೆ, ಬಿಗಿಯಾಗಿ, ಎರಡು ಕೈಯಲ್ಲಿ ಹೆಣೆದ ಜಡೆ. ಅಷ್ಟೂ ದಿನ, ಪ್ರತಿ ಬೆಳಿಗ್ಗೆ, ಅದನ್ನೇ ಇಳಿಬಿಟ್ಟುಕೊಂಡು ಬಂದು ಅವರ ಪಕ್ಕದಲ್ಲಿ ಕೂತು, ಕೈ ಬರುವುದಿಲ್ಲ ಅಂದಿದ್ದೆ!

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?" ನಗು ಅಳು ಎರಡೂ ಒಟ್ಟಿಗೇ ಬಂತು ನನಗೆ.

"ರೊಟ್ಟಿ ಛಲೋ ಆಗ್ತಿದ್ವಲ್ಲ," ಅಂದರು.

ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. ಆಮೇಲೆ ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿದರು. ಎಡಗೈ ಹೊದಿಕೆಯ ಮೇಲೆ ಬಯಲಲ್ಲೇ ಇತ್ತು, ಮುಚ್ಚಿಕೊಳ್ಳಲಿಲ್ಲ. ಗಂಟು ಬಿಚ್ಚಿದರು. ಬೆಳ್ಳಗಿನ, ತೆಳ್ಳಗಿನ ಕೂದಲು ದಿಂಬಿನ ಮೇಲೆ ಹರಡಿತು.

"ಬಾ," ಅಂದರು. "ನನಗೊಂದು ಹೆರಳು ಹಾಕು. ಎರಡೂ ಕೈಲೆ ಹಾಕು."

ಹಾಕಿದೆ.